ಹೊಂಡಕ್ಕೆ ಇಳಿದರೆ ಆಫ್ ಆಗುವ ಕಂಪನಿ ರೇಡಿಯೊ: ಹೊರಗಿನ ಸೆಟ್ ಹಾಕುವಾಗ ಎಂತೆಲ್ಲ ನೋಡಬೇಕು?

ಪಡುಬಿದ್ರಿ_ಪಯಣ

ಎಲ್ಲರಿಗೂ ನಮಸ್ಕಾರ. ಕಾರು 2014ರ ಹ್ಯಾಚ್‌ಬ್ಯಾಕ್, ದಿನಾ ಪಡುಬಿದ್ರಿ–ಮಂಗಳೂರು ಓಡಾಟ. ರೇಡಿಯೊ ಕಂಪನಿಯಿಂದಲೇ ಬಂದದ್ದು. ಈಗ ಹೊಂಡಕ್ಕೆ ಇಳಿದರೆ ಸೆಟ್ ಆಫ್ ಆಗಿ ತಾನೇ ಆನ್ ಆಗ್ತದೆ. ಗಡಿಯಾರ 1:00ಕ್ಕೆ ಹೋಗ್ತದೆ, ಸೇವ್ ಮಾಡಿದ ಸ್ಟೇಷನ್ ಎಲ್ಲ ಅಳಿಸಿ ಹೋಗ್ತದೆ. ಮಳೆಗಾಲದಲ್ಲಿ ಇದು ಜಾಸ್ತಿ. ಹಿಂದಿನ ಎಡ ಬಾಗಿಲಿನ ಸ್ಪೀಕರ್ ಆಗಾಗ ಸುಮ್ಮನಾಗಿ ಮತ್ತೆ ಬರ್ತದೆ.

ಅಂಗಡಿಯಲ್ಲಿ 9 ಇಂಚಿನ ಆಂಡ್ರಾಯ್ಡ್ ಹಾಕಿಸಿ ಅಂತಾರೆ. ನನಗೆ ಬೇಕಾದ್ದು ಎಫ್‌ಎಂ, ಬ್ಲೂಟೂತ್ ಕಾಲ್, ರಿವರ್ಸ್ ಕ್ಯಾಮೆರಾ ಇಷ್ಟೇ. ಸ್ಟೇರಿಂಗಿನ ಬಟನ್ ಹೊಸ ಸೆಟ್ಟಿನಲ್ಲೂ ಕೆಲಸ ಮಾಡಬೇಕು. ವೈರ್ ಕತ್ತರಿಸದೆ ಹಾಕ್ಲಿಕ್ಕೆ ಆಗ್ತದಾ? ಸೆಟ್ ಬದಲಾಯಿಸಿದರೆ ಈ ತೊಂದರೆ ಎಲ್ಲ ಹೋಗ್ತದಾ?

ಕರಾವಳಿ_ವೈರಿಂಗ್

ದುಡ್ಡು ಬಿಚ್ಚುವ ಮೊದಲು ಅರ್ಧ ಗಂಟೆ ಮಲ್ಟಿಮೀಟರ್ ಹಿಡಿಯಿರಿ ಮಾರಾಯ್ರೆ. ನೀವು ಹೇಳಿದ ಲಕ್ಷಣದಲ್ಲೇ ಅರ್ಧ ಉತ್ತರ ಉಂಟು. ಸೆಟ್ಟಿಗೆ ಎರಡು ಪಾಸಿಟಿವ್ ಬರ್ತದೆ. ಒಂದು ಯಾವಾಗಲೂ ಇರುವ 12 ವೋಲ್ಟ್, ಗಡಿಯಾರ ಮತ್ತು ಸ್ಟೇಷನ್ ನೆನಪಿಟ್ಟುಕೊಳ್ಳುವುದು ಇದರಿಂದ. ಇನ್ನೊಂದು ಕೀ ತಿರುಗಿಸಿದಾಗ ಬರುವ ಎಸಿಸಿ. ಎಸಿಸಿ ಮಾತ್ರ ತಪ್ಪಿದರೆ ಸೆಟ್ ಆಫ್ ಆಗ್ತದೆ, ಗಡಿಯಾರ ಸರಿಯಾಗಿಯೇ ಇರ್ತದೆ. ನಿಮ್ಮಲ್ಲಿ ಗಡಿಯಾರವೂ ಹೋಗ್ತದೆ ಅಂದರೆ ತಪ್ಪುತ್ತಿರುವುದು ಕಾಯಂ ಲೈನ್, ಇಲ್ಲವಾದರೆ ಅರ್ಥ್, ಅಂದರೆ ಕಾರಿನ ಬಾಡಿ ಮೂಲಕ ಬ್ಯಾಟರಿ ನೆಗೆಟಿವ್‌ಗೆ ಹೋಗುವ ವೈರ್. ಸೆಟ್ಟಿನ ಒಳಗೆ ಬೆಸುಗೆ ಬಿಟ್ಟಿದ್ದರೂ ಹೀಗೆ ಆಗಬಹುದು, ಆದರೆ ಅದನ್ನು ಕೊನೆಗೆ ನೋಡಿ.

ಸೆಟ್ಟನ್ನು ಅರ್ಧ ಹೊರಗೆ ಎಳೆದು ಕಪ್ಲರ್ (ಹಿಂದಿನ ವೈರ್‌ಗಳ ಪ್ಲಗ್) ಬಿಚ್ಚಿ ಪಿನ್ ನೋಡಿ. ಸಮುದ್ರದ ಗಾಳಿ ಇರುವ ನಮ್ಮ ಕಡೆ ಪಿನ್ನಿನ ಬುಡದಲ್ಲಿ ಹಸಿರು ಕಿಲುಬು, ಅದರ ಮೇಲೆ ಬಿಳಿ ಪುಡಿ ಕಾಣುವುದು ಸಾಮಾನ್ಯ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಮೆತ್ತಗಿನ ಬ್ರಷ್ಷಿನಲ್ಲಿ ಉಜ್ಜಿ, ಪೂರ್ತಿ ಒಣಗಲು ಬಿಡಿ. ಮರಳು ಕಾಗದ ಬೇಡ. ಪಿನ್ನಿನ ಮೇಲಿನ ಲೇಪ ಹೋದರೆ ಮುಂದಿನ ಮಳೆಗಾಲಕ್ಕೆ ಎರಡು ಪಟ್ಟು ಕಿಲುಬು ಹಿಡಿಯುತ್ತದೆ.

ಆಮೇಲೆ ಅರ್ಥ್. ಮೀಟರ್ ಡಿಸಿ ವೋಲ್ಟಿನಲ್ಲಿ ಇಟ್ಟು, ಸೆಟ್ ಜೋರಾಗಿ ಹಾಡುತ್ತಿರುವಾಗ ಒಂದು ಪ್ರೋಬ್ ಕಪ್ಲರಿನ ಕಪ್ಪು ವೈರಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ ಹಿಡಿಯಿರಿ. 0.1 ವೋಲ್ಟಿನ ಆಸುಪಾಸು ಇದ್ದರೆ ಸರಿ. 0.5 ದಾಟಿದರೆ ಅರ್ಥ್ ಬೋಲ್ಟಿನ ಅಡಿ ತುಕ್ಕು ಉಂಟು ಅಂತಲೇ ಲೆಕ್ಕ. ಕಾಯಂ ಲೈನಿನಲ್ಲಿ ಎಂಜಿನ್ ಆಫ್ ಇದ್ದಾಗ 12.4ರಿಂದ 12.6, ಓಡುವಾಗ 13.8ರಿಂದ 14.4 ಬರಬೇಕು. ಹಲವು ಕಾರುಗಳಲ್ಲಿ ಈ ಲೈನು ಒಳಗಿನ ದೀಪದ ಫ್ಯೂಸಿನಿಂದಲೇ ಬರ್ತದೆ. ದೀಪವೂ ಮಿಣುಕುತ್ತಿದ್ದರೆ ನೇರ ಫ್ಯೂಸ್ ಬಾಕ್ಸಿಗೆ ಹೋಗಿ.

ಎಡ ಸ್ಪೀಕರಿಗೂ ಸೆಟ್ಟಿಗೂ ಸಂಬಂಧ ಇಲ್ಲದೆ ಇರಬಹುದು. ಬಾಗಿಲು ಮತ್ತು ಕಂಬದ ನಡುವೆ ಸುಕ್ಕು ಸುಕ್ಕಾದ ರಬ್ಬರ್ ಬೂಟ್ ಉಂಟಲ್ಲ, ಅದರೊಳಗೆ ವೈರ್ ಮಡಚಿ ಮಡಚಿ ತಾಮ್ರದ ಎಳೆ ತುಂಡಾಗುತ್ತದೆ, ಮೇಲಿನ ಪ್ಲಾಸ್ಟಿಕ್ ಹಾಗೇ ಇರ್ತದೆ. ಹಾಡು ಹಾಕಿ ಬಾಗಿಲು ನಿಧಾನ ತೆರೆದು ಮುಚ್ಚಿ ನೋಡಿ. ಶಬ್ದ ಬಂದು ಹೋದರೆ ಸಿಕ್ಕಿತು. ಇದನ್ನು ಬಿಟ್ಟು ಹೊಸ ಸೆಟ್ ಹಾಕಿದರೆ ಹೊಸದರಲ್ಲೂ ಅದೇ ಸ್ಪೀಕರ್ ಸುಮ್ಮನಾಗ್ತದೆ.

ಬೈಕಂಪಾಡಿ_12ವೋಲ್ಟ್

ಮೇಲಿನ ಅಣ್ಣ ಹೇಳಿದ್ದು ಎಲ್ಲ ಮುಗಿಸಿದ ಮೇಲೂ ಬದಲಾಯಿಸುವುದಾದರೆ ಇದನ್ನು ಓದಿ. ನಿಮ್ಮ ಬೇಡಿಕೆಗೆ ಡಬಲ್ ಡಿನ್ ಸೆಟ್ ಸಾಕು, ಅದರ ಮುಖ ಹತ್ತಿರ ಹತ್ತಿರ 178 ಮಿ.ಮೀ. ಅಗಲ, 100 ಮಿ.ಮೀ. ಎತ್ತರ. ಕಂಪನಿ ಸೆಟ್ ಡ್ಯಾಶಿನ ಆಕಾರಕ್ಕೆ ಮಾಡಿದ್ದಾದರೆ ನಿಮ್ಮ ಮಾಡೆಲಿಗೇ ಬರುವ ಫ್ರೇಮ್ ಬೇಕು. ಫ್ರೇಮ್ ಕೈಗೆ ಬಾರದೆ ಸೆಟ್ಟಿಗೆ ದುಡ್ಡು ಕೊಡಬೇಡಿ.

ವೈರ್ ಕತ್ತರಿಸುವ ಅಗತ್ಯವೇ ಇಲ್ಲ. ನಿಮ್ಮ ಕಾರಿನ ಕಪ್ಲರಿಗೆ ಸರಿಯಾಗಿ ಕೂರುವ ಜೋಡಣೆ ಕಪ್ಲರ್ ಸಿಗ್ತದೆ, ಒಂದು ತುದಿ ಕಾರಿಗೆ, ಇನ್ನೊಂದು ಸೆಟ್ಟಿಗೆ. ಕಂಪನಿ ವೈರ್ ಕತ್ತರಿಸಿದರೆ ಕಾರು ಮಾರುವಾಗ ಹಳೆ ಸೆಟ್ ವಾಪಸ್ ಹಾಕ್ಲಿಕ್ಕೂ ಆಗುವುದಿಲ್ಲ.

ಹೊರಗಿನ ಸೆಟ್ಟುಗಳಲ್ಲಿ ಬಣ್ಣ ಸಾಮಾನ್ಯವಾಗಿ ಹೀಗೆ: ಹಳದಿ ಕಾಯಂ, ಕೆಂಪು ಎಸಿಸಿ, ಕಪ್ಪು ಅರ್ಥ್, ನೀಲಿ ಆಂಟೆನಾ, ಕಿತ್ತಳೆ ಲೈಟಿನದ್ದು. ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆ ಇರುವುದು ಸ್ಪೀಕರಿನ ಮೈನಸ್. ಈ ಮೈನಸ್ಸನ್ನು ಕಾರಿನ ಬಾಡಿಯ ಲೋಹಕ್ಕೆ ಅರ್ಥ್ ಮಾಡಬೇಡಿ, ನಾಲ್ಕನ್ನೂ ಒಟ್ಟಿಗೆ ಕಟ್ಟಲೂ ಬೇಡಿ. ಇವತ್ತಿನ ಸೆಟ್ಟಿನಲ್ಲಿ ಸ್ಪೀಕರಿನ ಎರಡೂ ವೈರಿಗೆ ಆಂಪ್ಲಿಫೈಯರಿನಿಂದಲೇ ವೋಲ್ಟೇಜ್ ಬರ್ತದೆ, ಒಂದನ್ನು ಕಾರಿನ ಬಾಡಿಗೆ ಮುಟ್ಟಿಸಿದರೆ ಒಳಗಿನ ಐಸಿ (ಚಿಪ್) ಸುಡಬಹುದು. ಹಳದಿ–ಕೆಂಪು ಅದಲು ಬದಲಾದರೆ ಸೆಟ್ ಹಾಡುತ್ತದೆ, ಆದರೆ ಕೀ ತೆಗೆದಾಗಲೆಲ್ಲ ನೆನಪು ಹೋಗ್ತದೆ. ಕಪ್ಲರ್ ರೆಡಿಮೇಡ್ ಆದರೂ ಹಾಕುವ ಮೊದಲು ಮೀಟರಿನಲ್ಲಿ ಎರಡನ್ನೂ ನೋಡಿಕೊಳ್ಳಿ.

ಕೆಲಸಕ್ಕೆ ಕೈ ಹಾಕುವಾಗ ಕೀ ತೆಗೆದು 10ರ ಸ್ಪ್ಯಾನರಿನಲ್ಲಿ ಬ್ಯಾಟರಿ ನೆಗೆಟಿವ್ ಬಿಚ್ಚಿ. ಡ್ಯಾಶಿನ ಅಂಚು ಎಬ್ಬಿಸಲು ಪ್ಲಾಸ್ಟಿಕ್ ಪಟ್ಟಿಯನ್ನೇ ಉಪಯೋಗಿಸಿ, ಸ್ಕ್ರೂಡ್ರೈವರ್ ಹಾಕಿದ ಕಡೆ ಗೀರು ಕಾಯಂ. ಫ್ರೇಮ್ ಎಳೆಯುವಾಗ ಹಝಾರ್ಡ್ ಸ್ವಿಚ್ಚಿನ ವೈರ್ ಹಿಂದೆ ಸಿಕ್ಕಿಕೊಂಡಿರ್ತದೆ, ಕ್ಲಿಪ್ ಒತ್ತಿ ಬಿಡಿಸಿ. ಏರ್‌ಬ್ಯಾಗಿನ ಹಳದಿ ಕಪ್ಲರ್ ಕಂಡರೆ ಮುಟ್ಟಲೇಬೇಡಿ.

ಜಾಯಿಂಟ್ ಹಾಕಲೇಬೇಕಾದ ಕಡೆ ತಿರುಚಿ ಟೇಪ್ ಸುತ್ತುವುದು ನಮ್ಮೂರಿಗೆ ಆಗುವುದೇ ಇಲ್ಲ. ಮಾರ್ಚ್–ಏಪ್ರಿಲ್ ಸೆಕೆಗೆ ಟೇಪಿನ ಗೋಂದು ಕರಗಿ ಹಲಸಿನ ಮೇಣದ ಹಾಗೆ ಆಗ್ತದೆ, ಜೂನಿನಲ್ಲಿ ಅದೇ ಸಂದಿಯಿಂದ ತೇವ ಒಳಗೆ ಹೋಗ್ತದೆ. ಬೆಸುಗೆ ಹಾಕಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಕೂರಿಸಿ, ಮೇಲೆ ಬಟ್ಟೆ ಟೇಪ್ ಸುತ್ತಿ. ರಿವರ್ಸ್ ಲೈಟಿನಿಂದ ಕ್ಯಾಮೆರಾಕ್ಕೆ ತೆಗೆಯುವ ಜಾಯಿಂಟಿಗೆ ಇದು ಇನ್ನೂ ಮುಖ್ಯ.

ಸ್ಟೇರಿಂಗ್ ಬಟನ್ ಬಗ್ಗೆ: ಹಳೆ ಮಾದರಿಯಲ್ಲಿ ಪ್ರತಿ ಬಟನ್ನಿಗೆ ಬೇರೆ ಬೇರೆ ರೆಸಿಸ್ಟೆನ್ಸ್ ಇರ್ತದೆ. ಆ ವೈರನ್ನು ಸೆಟ್ಟಿನ ಕೀ 1 ಅಥವಾ ಕೀ 2ಕ್ಕೆ ಕೊಟ್ಟು, ಒಂದೊಂದೇ ಬಟನ್ ಒತ್ತಿ ಕಲಿಸಿದರೆ ಆಯ್ತು. ನಿಮ್ಮದರಲ್ಲಿ ಬಟನ್ ಸಿಗ್ನಲ್ ಕ್ಯಾನ್ ಲೈನಿನಲ್ಲಿ (ಕಾರಿನ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಡೇಟಾ ವೈರ್) ಬರುವುದಾದರೆ ಅದನ್ನು ಸೆಟ್ಟಿಗೆ ಅರ್ಥವಾಗುವ ಹಾಗೆ ಮಾಡುವ ಕ್ಯಾನ್ ಬಾಕ್ಸ್ ಬೇಕು. ಅದನ್ನು ಸೆಟ್ಟಿನ ಜೊತೆಗೇ ಕೇಳಿ ಪಡೆಯಿರಿ, ಬೇರೆ ತಂದರೆ ಹೊಂದಿಕೊಳ್ಳದೆ ತಲೆನೋವು. ಬ್ಲೂಟೂತ್ ಮೈಕನ್ನು ಎಸಿ ಗಾಳಿ ಬೀಸುವ ಕಡೆ ಇಡಬೇಡಿ, ಸ್ಟೇರಿಂಗ್ ಹಿಂದಿನ ಮೀಟರಿನ ಮೇಲ್ಭಾಗ ಒಳ್ಳೆಯದು.

ಮಣಿಪಾಲ_ಟ್ಯೂನರ್

ಎಫ್‌ಎಂ ಮುಖ್ಯ ಅಂದಿರಿ, ಅದಕ್ಕೆ ಎರಡು ಮಾತು. ಹೊಸ ಸೆಟ್ ಹಾಕಿದ ಮೇಲೆ "ಎಫ್‌ಎಂ ಕರಕರ" ಅನ್ನುವ ದೂರಿಗೆ ಹೆಚ್ಚಾಗಿ ಕಾರಣ ಆಂಟೆನಾ. ಛಾವಣಿಯ ಗಿಡ್ಡ ಆಂಟೆನಾದ ಬುಡದಲ್ಲಿ ಸಣ್ಣ ಆಂಪ್ಲಿಫೈಯರ್ ಇದ್ದರೆ ಅದಕ್ಕೆ 12 ವೋಲ್ಟ್ ಹೋಗಬೇಕು. ನೀಲಿ ವೈರ್ ಸುಮ್ಮನೆ ನೇತಾಡುತ್ತಿದ್ದರೆ ಮಂಗಳೂರಿನಲ್ಲಿ 100.3ರ ಆಕಾಶವಾಣಿ ಹೇಗೋ ಬರ್ತದೆ, ಊರು ದಾಟಿದ ಕೂಡಲೇ ಮಸುಕಾಗ್ತದೆ. ಕೆಲವು ಕಾರಿನಲ್ಲಿ ಈ 12 ವೋಲ್ಟ್ ಆಂಟೆನಾ ಕೇಬಲಿನ ಒಳಗಿನಿಂದಲೇ ಹೋಗುವುದು, ಅದಕ್ಕೆ ಬೇರೆ ಅಡಾಪ್ಟರ್ ಬೇಕು.

ಎರಡನೆಯದು ಸೆಟ್ಟಿಂಗ್. ರೇಡಿಯೊ ರೀಜನ್ ಅಮೆರಿಕಕ್ಕೆ ಇಟ್ಟ ಸೆಟ್ ಬಂದರೆ ಟ್ಯೂನಿಂಗ್ 0.2ರ ಹೆಜ್ಜೆಯಲ್ಲಿ, ಬೆಸ ದಶಮಾಂಶದ ಮೇಲೆ ಮಾತ್ರ ನಿಲ್ತದೆ. 92.7, 93.5, 98.3, 100.3 ಎಲ್ಲ ಬರ್ತದೆ, ಹಾಗಾಗಿ ಯಾರಿಗೂ ಸಂಶಯ ಬರುವುದಿಲ್ಲ. ಆದರೆ ರೇಡಿಯೊ ಮಣಿಪಾಲದ 90.4, ಮಂಗಳೂರಿನ ರೇಡಿಯೊ ಸಾರಂಗದ 107.8 ಹಿಡಿಯಲಿಕ್ಕೇ ಆಗುವುದಿಲ್ಲ. ಪಟ್ಟಿಯಲ್ಲಿ ಭಾರತ ಇಲ್ಲದಿದ್ದರೆ ಯುರೋಪ್ ಆರಿಸಿ.

ಹೊಸ ಸೆಟ್ ಹಾಕಿದ ಮೇಲೆ ಗರಗರ ಶುರುವಾದರೆ ಮೊಬೈಲ್ ಚಾರ್ಜರ್, ಡ್ಯಾಶ್ ಕ್ಯಾಮೆರಾ ಒಂದೊಂದೇ ಕಿತ್ತು ನೋಡಿ. ಅಗ್ಗದ ಚಾರ್ಜರ್ ಎಫ್‌ಎಂ ಹಾಳು ಮಾಡುವುದು ಖಂಡಿತ. ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಸಿಗ್ನಲ್ ಹೋಗುವುದು ಮಾತ್ರ ಗುಡ್ಡ ಅಡ್ಡ ಬಂದು, ಅದಕ್ಕೆ ಯಾವ ಸೆಟ್ಟೂ ಪರಿಹಾರ ಅಲ್ಲ.

ಪಡುಬಿದ್ರಿ_ಪಯಣ

ನೋಡಿದೆ. ಅರ್ಥಿನಲ್ಲಿ 0.7 ವೋಲ್ಟ್ ಬಂತು. ಬೋಲ್ಟ್ ಬಿಚ್ಚಿ ತುಕ್ಕು ಉಜ್ಜಿದ ಮೇಲೆ 0.08. ಗಡಿಯಾರದ ಸಮಯ ಈಗ ಅಳಿಸಿ ಹೋಗುವುದಿಲ್ಲ. ಬಾಗಿಲಿನ ಬೂಟಿನೊಳಗೆ ಒಂದು ವೈರ್ ತುಂಡಾಗಿತ್ತು. ಆದರೂ ಬ್ಲೂಟೂತ್, ಕ್ಯಾಮೆರಾಕ್ಕಾಗಿ ಡಬಲ್ ಡಿನ್ ಹಾಕುವುದು ಅಂತ. ವರ್ಷಕ್ಕೊಮ್ಮೆ ಎರಡು ವಾರ ಕಾರು ನಿಲ್ಲಿಸಿ ಹೋಗುವುದುಂಟು, ಬ್ಯಾಟರಿ ಇಳಿಯುತ್ತದಾ?

ಕರಾವಳಿ_ವೈರಿಂಗ್

ಹಾಕಿದ ದಿನವೇ ಅಳೆಯಿರಿ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಮೀಟರನ್ನು 10 ಆಂಪ್ ರೇಂಜಿನಲ್ಲಿ ನಡುವೆ ಸೇರಿಸಿ, ಕಾರು ಲಾಕ್ ಮಾಡಿ ಅರ್ಧ ಗಂಟೆ ಬಿಡಿ. ಮೀಟರ್ ನಡುವೆ ಇರುವಾಗ ಸ್ಟಾರ್ಟ್ ಮಾಡಬೇಡಿ, ಅದರ ಫ್ಯೂಸ್ ಹೋಗ್ತದೆ. 50 ಮಿಲಿಆಂಪಿನ ಒಳಗೆ ಇದ್ದರೆ ಚಿಂತೆ ಇಲ್ಲ. 150 ತೋರಿಸಿದರೆ ದಿನಕ್ಕೆ 3.6 ಆಂಪಿಯರ್ ಅವರ್, 35 ಆಂಪಿಯರ್ ಅವರ್ ಬ್ಯಾಟರಿ ಹತ್ತೇ ದಿನಕ್ಕೆ ಪೂರ್ತಿ ಖಾಲಿ, ಸ್ಟಾರ್ಟ್ ಆಗದೆ ಇರುವುದು ಅದಕ್ಕೂ ಎಷ್ಟೋ ಮೊದಲು. ಹಾಗಿದ್ದರೆ ಮೊದಲು ಕೆಂಪು ವೈರ್ ನಿಜವಾಗಿ ಎಸಿಸಿಗೆ ಹೋಗಿದೆಯಾ ನೋಡಿ, ಅವಸರದಲ್ಲಿ ಹಳದಿಯ ಜೊತೆ ಕಟ್ಟಿಬಿಟ್ಟಿರುವುದುಂಟು. ಅದು ಸರಿ ಇದ್ದರೂ ಮೀಟರಿನ ಅಂಕಿ ಇಳಿಯದಿದ್ದರೆ ಎರಡು ವಾರ ಹೋಗುವಾಗ ನೆಗೆಟಿವ್ ಬಿಚ್ಚಿಡಿ.