ಸೆಪ್ಟೆಂಬರ್ ಬಂತು, ಮನೆ ತುಂಬ ಜೇಡ! ಯಾವುದಕ್ಕೆ ಹೆದರಬೇಕು?

ರೀಡಿಂಗ್_ಹೊಸಮನೆ:

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ರೀಡಿಂಗ್‌ನಲ್ಲಿ ಫ್ಲ್ಯಾಟ್ ಬಿಟ್ಟು ಹಳೆಯ ಮನೆಗೆ ಬಂದ ಮೇಲೆ ಇದು ನಮ್ಮ ಮೊದಲನೇ ಸೆಪ್ಟೆಂಬರ್. ಮೊನ್ನೆ ರಾತ್ರಿ ಟಿವಿ ನೋಡುತ್ತಿದ್ದಾಗ ಸೋಫಾ ಕೆಳಗಿಂದ ಅಂಗೈಯಷ್ಟು ಅಗಲದ ಕಂದು ಜೇಡ ಹೊರಟು ಕಾರ್ಪೆಟ್ ಮೇಲೆ ಸರ್ರಂತ ಓಡಿಹೋಯಿತು. ನಿನ್ನೆ ಬೆಳಿಗ್ಗೆ ಅಂಥದ್ದೇ ಒಂದು ಬಾತ್‌ಟಬ್‌ನಲ್ಲಿ ಕೂತಿತ್ತು. ಪೈಪಿನಿಂದ ಬಂತೇನೋ ಅಂತ ತೂತಿಗೆ ಮುಚ್ಚಳ ಹಾಕಿಟ್ಟಿದ್ದೇನೆ. ಇಷ್ಟು ಸಾಲದು ಅಂತ ಬಚ್ಚಲ ಮೂಲೆಯಲ್ಲಿ ಕೂದಲೆಳೆ ಕಾಲಿನದೊಂದು, ಶೆಡ್‌ನಲ್ಲಿ ಮಿರಮಿರ ಹೊಳೆಯುವ ಗುಂಡು ಹೊಟ್ಟೆಯದೊಂದು, ಬಟ್ಟೆ ಒಣಹಾಕುವ ಹಗ್ಗದ ಹತ್ತಿರ ಬೆನ್ನ ಮೇಲೆ ಬಿಳಿ ಚುಕ್ಕೆಗಳಿರುವುದೊಂದು.

ಊರಲ್ಲಿ ಗೋಡೆ ಮೇಲೆ ಚಪ್ಪಟೆ ಜೇಡ ನೋಡುತ್ತಲೇ ಬೆಳೆದವಳು ನಾನು. ಅಮ್ಮ ಪೊರಕೆಯಲ್ಲಿ ಹೊರಗೆ ತಳ್ಳುತ್ತಿದ್ದರು, ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಇಲ್ಲಿಯವುಗಳ ಪರಿಚಯ ನನಗಿಲ್ಲ. ಮಗಳಿಗೆ ಒಂದೂವರೆ ವರ್ಷ, ದಿನವಿಡೀ ನೆಲದ ಮೇಲೇ ಆಟ, ಸಿಕ್ಕಿದ್ದಕ್ಕೆಲ್ಲ ಕೈ ಹಾಕುತ್ತಾಳೆ. ಫಾಲ್ಸ್ ವಿಡೋ ಅನ್ನೋ ಜೇಡ ಕಚ್ಚಿದ ಸುದ್ದಿ ಓದಿದ ಮೇಲೆ ನಿದ್ದೆಯೇ ಬರುತ್ತಿಲ್ಲ. ಕೊಲ್ಲಲು ಮನಸ್ಸಿಲ್ಲ. ಯಾವುದು ಯಾವುದು ಅಂತ ಗುರುತಿಸುವುದು ಹೇಗೆ, ಹೇಳ್ತೀರಾ?

ಬ್ರಿಸ್ಟಲ್_ಹಿತ್ತಲು:

ಮೇಡಂ, ಮೊದಲು ಸಮಾಧಾನ ಮಾಡಿಕೊಳ್ಳಿ. ಎಂಟು ವರ್ಷದಿಂದ ಇವುಗಳನ್ನು ನೋಡುತ್ತಿದ್ದೇನೆ, ನಾನು ಕಲಿತದ್ದು ಇಷ್ಟೇ: ಮೊದಲು ಬಲೆ ನೋಡಿ, ಜೇಡ ಆಮೇಲೆ. ಬಣ್ಣ, ಗಾತ್ರ ನಂಬಿದರೆ ಮೋಸ ಹೋಗುತ್ತೀರಿ, ಒಂದೇ ಜಾತಿಯಲ್ಲಿ ಗಂಡು ಹೆಣ್ಣು ಬೇರೆ ಬೇರೆ ಥರ ಇರುತ್ತವೆ. ಬ್ರಿಟನ್‌ನಲ್ಲಿ 650ಕ್ಕೂ ಹೆಚ್ಚು ಜಾತಿ ಇವೆ, ಆದರೆ ಮನೆಯಲ್ಲಿ ಕಾಣುವವು ಬೆರಳೆಣಿಕೆಯಷ್ಟು.

ಸೋಫಾ ಕೆಳಗಿಂದ ಓಡಿದ್ದು ಜಯಂಟ್ ಹೌಸ್ ಸ್ಪೈಡರ್, ಬಹುತೇಕ ಗಂಡು. ಅದು ಹೊರಗಿನಿಂದ ಚಳಿಗೆ ಒಳಗೆ ಬಂದದ್ದಲ್ಲ. ವರ್ಷವೆಲ್ಲ ನಿಮ್ಮ ಮನೆಯಲ್ಲೇ, ಬೀರುವಿನ ಹಿಂದೆಯೋ ನೆಲದ ಹಲಗೆ ಕೆಳಗೋ ಇತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ಗಂಡು ಬೆಳೆದು, ತನ್ನ ಬಲೆ ಬಿಟ್ಟು, ಹೆಣ್ಣನ್ನು ಹುಡುಕಿಕೊಂಡು ಹೊರಡುತ್ತದೆ, ಅದಕ್ಕೇ ಈ ತಿಂಗಳಲ್ಲಿ ಎಲ್ಲರ ಮನೆಯಲ್ಲೂ ಒಮ್ಮೆಲೇ ಕಾಣುತ್ತವೆ. ಹೆಣ್ಣು ಸಿಕ್ಕರೆ ಕೆಲವು ವಾರ ಜೊತೆಗಿದ್ದು ಅಲ್ಲೇ ಸಾಯುತ್ತದೆ. ಹೆಣ್ಣಿನ ಆಯಸ್ಸು ಜಾಸ್ತಿ. ಅದು ಗ್ಯಾರೇಜ್ ಮೂಲೆಯಲ್ಲಿ ಬಟ್ಟೆ ಹಾಸಿದ ಹಾಗೆ ಬಲೆ ಕಟ್ಟಿ, ಒಂದು ತುದಿಯಲ್ಲಿ ಆಲಿಕೆಯಂಥ ಬಿಲ ಮಾಡಿಕೊಂಡು ಅದರೊಳಗೆ ಕೂತಿರುತ್ತದೆ. ಕಚ್ಚುವುದು ತುಂಬಾ ಅಪರೂಪ.

ಬಾತ್‌ಟಬ್‌ನದ್ದೂ ಅದೇ. ಪೈಪಿನ ಬಾಗಿನಲ್ಲಿ ಯಾವಾಗಲೂ ನೀರು ನಿಂತಿರುತ್ತದೆ, ಅದನ್ನು ದಾಟಿ ಬರಲಾಗದು. ರಾತ್ರಿ ಓಡಾಡುವಾಗ ಟಬ್ಬಿಗೆ ಬಿದ್ದಿದೆ, ನುಣ್ಣನೆಯ ಗೋಡೆ ಹತ್ತಲು ಆಗಿಲ್ಲ, ಅಷ್ಟೇ. ಅಂಚಿನಿಂದ ಒಂದು ಟವೆಲ್ ಇಳಿಬಿಡಿ, ತಾನೇ ಹತ್ತಿ ಹೋಗುತ್ತದೆ. ಮುಚ್ಚಳ ತೆಗೆಯಿರಿ.

ಕೂದಲೆಳೆ ಕಾಲಿನದ್ದು ಫೋಲ್ಕಸ್. ಬಲೆ ಅಡ್ಡಾದಿಡ್ಡಿ ಇರುತ್ತದೆ, ಮುಟ್ಟಿದರೆ ಮೈಯೇ ಕಾಣದಷ್ಟು ಜೋರಾಗಿ ಅಲುಗಾಡುತ್ತದೆ. ಇದರ ಬಳಗದ್ದು ನಮ್ಮ ಊರಿನ ಮನೆಗಳ ಸೂರಿನಲ್ಲೂ ಇದೆ, ನೀವು ನೋಡಿಯೇ ಇರುತ್ತೀರಿ. ನೋಡಲು ಬಡಕಲು, ಆದರೆ ಆ ದೊಡ್ಡ ಕಂದು ಜೇಡವನ್ನೇ ನೂಲಿನಲ್ಲಿ ಸುತ್ತಿ ತಿನ್ನುತ್ತದೆ. ದಯವಿಟ್ಟು ಅದನ್ನು ಗುಡಿಸಬೇಡಿ.

ಕೆಂಟ್_ಕನ್ನಡತಿ:

ಫಾಲ್ಸ್ ವಿಡೋ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ನನಗೆ ಕಚ್ಚಿದೆ. ತೋಟದ ಗ್ಲೌಸ್ ಒಳಗೆ ಇತ್ತು, ನೋಡದೆ ಕೈ ಹಾಕಿದೆ, ಬೆರಳಿಗೆ ಸಿಕ್ಕಿ ಕಚ್ಚಿತು. ಕಣಜ ಕುಟುಕಿದ ಹಾಗೆ ನೋವು, ಒಂದು ದಿನ ಊತ, ಆಮೇಲೆ ಹೋಯಿತು. ಸೋಪು ನೀರಿನಲ್ಲಿ ತೊಳೆದು, ಐಸನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡೆ. ಈ ಜೇಡ ಕಚ್ಚಿ ಈ ದೇಶದಲ್ಲಿ ಸತ್ತವರ ದಾಖಲೆ ಇಲ್ಲ. ಆದರೂ ಕೆಂಪು ಹರಡುತ್ತಾ ಹೋದರೆ, ಜ್ವರ ಬಂದರೆ ಸುಮ್ನೆ ಕೂರಬೇಡಿ, ಆರೋಗ್ಯ ಸಲಹೆಯ 111ಕ್ಕೆ ಫೋನ್ ಮಾಡಿ. ಮುಖ ಊದಿದರೆ, ಉಸಿರಾಟ ಕಷ್ಟ ಆದರೆ ನೇರ ತುರ್ತು ಸೇವೆಯ 999. ಮಗುವಿನ ವಿಷಯದಲ್ಲಂತೂ ಕಾಯಲೇಬೇಡಿ.

ಇದು ಇಲ್ಲಿಯ ಮೂಲದ್ದಲ್ಲ. ಮಡೀರಾ, ಕ್ಯಾನರಿ ದ್ವೀಪಗಳ ಕಡೆಯದು, 1879ರಲ್ಲೇ ಡೆವನ್‌ನ ಟಾರ್ಕಿಯಲ್ಲಿ ಸಿಕ್ಕಿತ್ತು. ಅಂದರೆ ನಾವು ಪೇಪರಿನಲ್ಲಿ ಓದಿ ಗಾಬರಿಯಾಗುವುದಕ್ಕೆ ನೂರು ವರ್ಷ ಮೊದಲೇ ಬಂದಿತ್ತು. ಕೆಂಪು ಕಂದು ಕಾಲು, ಗುಂಡು ಹೊಟ್ಟೆ, ಹೊಟ್ಟೆಯ ಮುಂಭಾಗದಲ್ಲಿ ಕೆನೆ ಬಣ್ಣದ ಪಟ್ಟಿ. ಗಟ್ಟಿ ನೂಲಿನ ಗೋಜಲು ಬಲೆಯಲ್ಲಿ ತಲೆಕೆಳಗಾಗಿ ನೇತಾಡುತ್ತದೆ, ನೆಲದ ಮೇಲೆ ಅಟ್ಟಿಸಿಕೊಂಡು ಬರುವುದಿಲ್ಲ. ನಿಮ್ಮ ಶೆಡ್‌ನದ್ದು ಅದರ ಹತ್ತಿರದ ಸಂಬಂಧಿ, ಇಲ್ಲಿಯದೇ ಆದ ಬೈಪಂಕ್ಟೇಟಾ ಇದ್ದರೂ ಇರಬಹುದು. ಅದೂ ಗುಂಡಗೆ, ಹೊಳೆಯುತ್ತದೆ. ಯಾವುದೇ ಇರಲಿ, ಊರಲ್ಲಿ ಮಳೆಗಾಲದಲ್ಲಿ ಚಪ್ಪಲಿ ಕೊಡವಿ ಹಾಕಿಕೊಳ್ಳುತ್ತಿದ್ದೆವಲ್ವಾ, ಹಾಗೇ ಶೆಡ್‌ನ ಬೂಟು, ಗ್ಲೌಸ್ ಕೊಡವಿ. ಮಗಳನ್ನು ಒಬ್ಬಳೇ ಶೆಡ್‌ಗೆ ಬಿಡಬೇಡಿ.

ಲೀಡ್ಸ್ಮನೆ:

ಮೂಲೆಗಳಲ್ಲಿ ಕಾಂಕರ್ (ಹಾರ್ಸ್ ಚೆಸ್ಟ್‌ನಟ್ ಮರದ ಬೀಜ) ಇಡಿ, ಜೇಡ ಬರುವುದಿಲ್ಲ ಅಂತ ಪಕ್ಕದ ಮನೆ ಅಜ್ಜಿ ಹೇಳಿದರು. ಯಾರಾದರೂ ಪ್ರಯತ್ನ ಮಾಡಿದ್ದೀರಾ?

ಬ್ರಿಸ್ಟಲ್_ಹಿತ್ತಲು:

ಮಾಡಿದ್ದೇನೆ, ಎರಡು ವರ್ಷ. ಎರಡನೇ ವರ್ಷ ಕಾಂಕರ್‌ಗೇ ನೂಲು ಕಟ್ಟಿ ಬಲೆ ಹಾಸಿತ್ತು. ಅಗಲ ಬಾಯಿಯ ಗಾಜಿನ ಲೋಟ, ಒಂದು ರಟ್ಟು, ಇವೆರಡು ಸಾಕು. ಲೋಟ ಬೋರಲು ಹಾಕಿ, ರಟ್ಟು ಕೆಳಗೆ ಜಾರಿಸಿ. ಹೊರಗಿನ ಹುಲ್ಲಿಗೆ ಎಸೆಯಬೇಡಿ, ಮನೆಯೊಳಗೇ ಬದುಕಿ ಅಭ್ಯಾಸವಾದದ್ದು. ಗ್ಯಾರೇಜಿಗೋ ಶೆಡ್‌ಗೋ ಬಿಡಿ.

ರೀಡಿಂಗ್_ಹೊಸಮನೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಟವೆಲ್ ಹಾಕಿದ್ದೆ, ಬೆಳಿಗ್ಗೆ ನೋಡಿದರೆ ಜೇಡ ಇರಲಿಲ್ಲ! ಶೆಡ್‌ನದ್ದರ ಹೊಟ್ಟೆ ಮೇಲೆ ಕೆನೆ ಪಟ್ಟಿ ಇದೆ, ಕಾಲು ಮಾತ್ರ ಕಂದು, ಕೆಂಪಿಲ್ಲ. ದೂರದಿಂದಲೇ ನೋಡಿ ಬಂದೆ. ಹಗ್ಗದ ಹತ್ತಿರದ್ದು ಮಾತ್ರ ಯಾರೂ ಹೇಳಲಿಲ್ಲ. ಬಲೆ ಸೈಕಲ್ ಚಕ್ರದ ಹಾಗಿದೆ. ಮಗಳು ದಿನಾ ಬೆಳಿಗ್ಗೆ ಅದನ್ನು ತೋರಿಸು ಅಂತ ಕೈ ಹಿಡಿದು ಎಳೆಯುತ್ತಾಳೆ. ಇನ್ನೊಂದು, ಅಡುಗೆಮನೆ ಕಿಟಕಿ ಹೊರಗೆ ಅಂಥದ್ದೇ ಬಲೆ, ಆದರೆ ಹಣ್ಣಿನ ಒಂದು ಹೋಳು ತೆಗೆದ ಹಾಗೆ ಒಂದು ಭಾಗ ಖಾಲಿ. ಹರಿದದ್ದಾ?

ಕೆಂಟ್_ಕನ್ನಡತಿ:

ಹಗ್ಗದ್ದು ಗಾರ್ಡನ್ ಕ್ರಾಸ್ ಸ್ಪೈಡರ್, ಬಿಳಿ ಚುಕ್ಕೆಗಳು ಶಿಲುಬೆಯ ಆಕಾರದಲ್ಲಿರುತ್ತವೆ. ಹಳೆಯ ಬಲೆಯನ್ನು ತಾನೇ ತಿಂದು ಹೊಸದು ನೇಯುತ್ತದೆ, ನಿಮಗೆ ಬೆಳಿಗ್ಗೆ ಅಷ್ಟು ಅಚ್ಚುಕಟ್ಟಾಗಿ ಕಾಣುವುದು ಅದಕ್ಕೇ. ಚಳಿ ಶುರುವಾಗುವಾಗ ಹೆಣ್ಣು ಮೊಟ್ಟೆಯಿಟ್ಟು ರೇಷ್ಮೆಯಲ್ಲಿ ಸುತ್ತಿ ಸಾಯುತ್ತದೆ. ಒಂದು ದಿನ ಬಲೆ ಖಾಲಿ ಇದ್ದರೆ ಮಗಳಿಗೆ ಹೇಳಿ, ಬೇಸಿಗೆ ಶುರುವಾಗುವಾಗ ಹಳದಿ ಮರಿಗಳು ಗುಂಪಾಗಿ ಬರುತ್ತವೆ ಅಂತ. ಗುಂಪನ್ನು ಮೆಲ್ಲಗೆ ಮುಟ್ಟಿದರೆ ಚೆಲ್ಲಾಪಿಲ್ಲಿ ಆಗಿ ಮತ್ತೆ ಒಂದಾಗುತ್ತವೆ.

ಕಿಟಕಿಯದು ಹರಿದದ್ದಲ್ಲ, ಮಿಸ್ಸಿಂಗ್ ಸೆಕ್ಟರ್ ಜೇಡ ಬಲೆ ಕಟ್ಟುವುದೇ ಹಾಗೆ. ಆ ಖಾಲಿ ಜಾಗದ ನಡುವೆ ಒಂದೇ ಒಂದು ನೂಲು ಹಾದುಹೋಗಿರುತ್ತದೆ. ರಾತ್ರಿ ಟಾರ್ಚ್ ಹಿಡಿದು ಅದರ ಜಾಡು ಹಿಡಿದು ಹೋಗಿ, ಕಿಟಕಿ ಚೌಕಟ್ಟಿನ ಸಂದಿಯಲ್ಲಿ ನೂಲಿನ ಮೇಲೆ ಒಂದು ಕಾಲಿಟ್ಟುಕೊಂಡು ನೊಣಕ್ಕೆ ಕಾಯುತ್ತಾ ಕೂತಿರುತ್ತದೆ.