ದುಂಡಗಿನ ಔಟ್‌ಲೈನ್ ಫಾಂಟೇ ಬೇಕಾ, ಸ್ಟ್ರೋಕ್ ಹಾಕಿದ್ರೆ ಸಾಕಾ?

ದುಂಡಕ್ಷರ: ಮಕ್ಕಳ ಪುಸ್ತಕದ ಮುಖಪುಟ, ಪೋಸ್ಟರ್ ಹೆಡ್ಡಿಂಗ್ ಇಂಥದ್ದಕ್ಕೆ ಮೂಲೆ ದುಂಡಗಿರೋ, ಒಳಗೆ ಖಾಲಿ ಬಿಟ್ಟಿರೋ ಔಟ್‌ಲೈನ್ ಫಾಂಟನ್ನ ಬೇರೆಯಾಗೇ ಬರೀಬೇಕು. ದಪ್ಪ ಫಾಂಟ್ ತಗೊಂಡು ಫಿಲ್ (ಒಳಗಿನ ಬಣ್ಣ) ತೆಗೆದು ಸ್ಟ್ರೋಕ್ (ಅಂಚಿನ ಗೆರೆ) ಹಾಕೋದು ಸೋಮಾರಿತನ. ಕೂಪರ್ ಬ್ಲ್ಯಾಕ್ ತರದ ರೌಂಡೆಡ್ ಫಾಂಟ್ ನೋಡಿ, ಒಂದೊಂದು ತಿರುವನ್ನೂ ಕೂತು ತಿದ್ದಿದಾರೆ.

ವೆಕ್ಟರ್ ಮಂಜ: ಯಾರಿಗ್ರೀ ಸೋಮಾರಿ ಅಂತೀರ? ಬಾಲೂ ತಮ್ಮ 2 ಅನ್ನೋ ಕನ್ನಡ ಫಾಂಟ್ ಫ್ರೀಯಾಗಿ ಸಿಗುತ್ತೆ, ದುಂಡಗೂ ಇದೆ ದಪ್ಪಗೂ ಇದೆ, ಸ್ಟ್ರೋಕ್ ಹಾಕಿದ್ರೆ ಕೆಲಸ ಮುಗೀತು. ಡೆಡ್‌ಲೈನ್ ಇರೋರಿಗೆ ಗೊತ್ತು ಕಷ್ಟ.

ಗೆರೆ ಗೌರಿ: ಕೆಲಸ ಮುಗಿಯಲ್ಲ, ಝೂಮ್ ಮಾಡಿ ನೋಡಿ. ಸ್ಟ್ರೋಕು ಅಂಚಿನ ಎರಡೂ ಕಡೆ ಅರ್ಧರ್ಧ ಹರಡುತ್ತೆ, ಠ ಒಳಗಿನ ಚುಕ್ಕೆ ಸುತ್ತಲಿನ ಗೆರೆಗೆ ಅಂಟ್ಕೊಳ್ಳುತ್ತೆ, ಧ ಹೊಟ್ಟೆಸೀಳು ಮುಚ್ಚಿಹೋಗಿ ದ ತರ ಕಾಣುತ್ತೆ. ಅದರ ತರದ ವೇರಿಯಬಲ್ ಫಾಂಟಲ್ಲಿ (ದಪ್ಪ-ತೆಳು ಬೇಕಾದಂಗೆ ಬದಲಾಯಿಸಬಹುದಾದ್ದು) ಆಕಾರಗಳು ಒಂದರ ಮೇಲೊಂದು ಕೂತಿರ್ತವೆ, ಆ ಗೆರೆಗಳೆಲ್ಲ ಅಕ್ಷರದ ಒಳಗೆ ಎದ್ದು ಬರ್ತವೆ.

ವೆಕ್ಟರ್ ಮಂಜ: ಒಳಗಿನ ಗೆರೆನಾ? ಅಕ್ಷರಾನ ಕರ್ವ್ಸ್‌ಗೆ (ಬರೀ ಆಕಾರಕ್ಕೆ) ಕನ್ವರ್ಟ್ ಮಾಡಿ, ಯೂನಿಯನ್ ಹೊಡೆದು ಎಲ್ಲಾ ಒಂದಾಗಿಸಿ, ಹೋಗುತ್ತೆ. ಸ್ಟ್ರೋಕನ್ನ ಹೊರಗಡೆಗೆ ಅಲೈನ್ ಮಾಡಿ.

ಸೀಸದಚ್ಚು: ಅದಿರ್ಲಿ, ಕೂಪರ್ ಬ್ಲ್ಯಾಕ್ ಯಾವಾಗಿಂದ ರೌಂಡೆಡ್ ಆಯ್ತು? ಆಸ್ವಾಲ್ಡ್ ಕೂಪರ್ 1922ರಲ್ಲಿ ಮಾಡಿದ್ದು ಸೆರಿಫ್ ಫಾಂಟು, ಅಂದ್ರೆ ಗೆರೆಯ ತುದಿಗೆ ಚಿಕ್ಕ ಪಾದ ಇರೋದು. ರೌಂಡೆಡ್ ಅಂದ್ರೆ ಫೋಕ್ಸ್‌ವ್ಯಾಗನ್‌ಗೆ ಅಂತ ಮಾಡಿದ ವಿಎಜಿ ರೌಂಡೆಡ್, ಅದರಲ್ಲಿ ಗೆರೆಯ ತುದಿ ಅರ್ಧ ವೃತ್ತ.

ದುಂಡಕ್ಷರ: ಸೆರಿಫ್ ಇದ್ರೇನು, ಆ ಸೆರಿಫೂ ದುಂಡಗೇ ಅಲ್ವಾ? ಅಕ್ಷರದ ಬುಡ ಕೂಡ ನೆಟ್ಟಗಿಲ್ಲ, ಬಾಗಿದೆ. ನಾನು ಹೇಳಿದ್ದು ತಿರುವಿನ ಬಗ್ಗೆ.

ಸೀಸದಚ್ಚು: ನೀವು ಬರೆದಿದ್ದು "ರೌಂಡೆಡ್ ಫಾಂಟ್". ಅದೊಂದು ವರ್ಗ, ಕಣ್ಣಿಗೆ ದುಂಡಗೆ ಕಂಡಿದ್ದನ್ನೆಲ್ಲ ಅದಕ್ಕೆ ಸೇರಿಸಕ್ಕಾಗಲ್ಲ.

ದುಂಡಕ್ಷರ: ಪೋಸ್ಟರ್ ನೋಡೋನು ವರ್ಗ ನೋಡ್ತಾನಾ? ಅದೇ ಕುಟುಂಬದಲ್ಲಿ ಕೂಪರ್ ಹೈಲೈಟ್ ಅಂತ ಅಕ್ಷರದೊಳಗೆ ಬಿಳಿ ಗೆರೆ ಬಿಟ್ಟಿರೋದೂ ಇದೆ. ಸೀಸದ ಅಚ್ಚುಮೊಳೆ ಕಾಲದಲ್ಲೇ ಅದನ್ನ ಬೇರೆ ಫಾಂಟಾಗಿ ಮಾಡಿದ್ರು, ಅದಕ್ಕೇನಂತೀರ?

ಸೀಸದಚ್ಚು: ಹೈಲೈಟ್ ಔಟ್‌ಲೈನ್ ಅಲ್ಲ! ಒಂದು ತಪ್ಪು ಮುಚ್ಚಕ್ಕೆ ಇನ್ನೊಂದು. ಔಟ್‌ಲೈನಲ್ಲಿ ಒಳಗೆಲ್ಲ ಖಾಲಿ, ಹೈಲೈಟಲ್ಲಿ ಕಪ್ಪು ಹಾಗೇ ಇದ್ದು ಒಂದು ಮಗ್ಗುಲಿಗೆ ಬೆಳಕು ಬಿದ್ದಂಗೆ ಗೆರೆ ಅಷ್ಟೇ.

ವೆಕ್ಟರ್ ಮಂಜ: ಆ ಬೆಳಕಿನ ಗೆರೇನೂ ನಾನು ಆಫ್‌ಸೆಟ್ ಪಾತಲ್ಲಿ (ಅಂಚಿಗೆ ಸಮನಾಗಿ ಇನ್ನೊಂದು ಗೆರೆ ಎಳೆಯೋ ಕಮಾಂಡು) ಮಾಡ್ತೀನಿ. ಫಾಂಟ್ ಬೇಡ.

ಗೆರೆ ಗೌರಿ: ಮಂಜ ಅವ್ರೇ, ಹೊರಗಡೆಗೆ ಅಲೈನ್ ಮಾಡಿ ಅಂದ್ರಲ್ಲ, ಸಾಫ್ಟ್‌ವೇರ್ ಲೆಕ್ಕದಲ್ಲಿ ಠ ಒಳಗಿನ ಖಾಲಿ ಜಾಗಾನೂ ಹೊರಗಡೇನೇ. ಗೆರೆ ಪೂರ್ತಿ ಅಲ್ಲಿಗೇ ನುಗ್ಗುತ್ತೆ, ಒತ್ತಕ್ಷರ ಮೇಲಿನ ಅಕ್ಷರಕ್ಕೆ ಹೋಗಿ ಡಿಕ್ಕಿ ಹೊಡೆಯುತ್ತೆ. ಬೇರೆಯಾಗಿ ಬರೆದ ಫಾಂಟಲ್ಲಿ ಆ ಜಾಗಾನ ಮೊದಲೇ ಅಗಲ ಮಾಡಿರ್ತಾರೆ.

ವೆಕ್ಟರ್ ಮಂಜ: ಒತ್ತಕ್ಷರ ಡಿಕ್ಕಿ ಆದ್ರೆ ಕೈಯಲ್ಲಿ ಸ್ವಲ್ಪ ಕೆಳಗೆ ಎಳೀರಿ. ಹೆಡ್ಡಿಂಗಲ್ಲಿ ಇರೋದೇ ನಾಲ್ಕಕ್ಷರ.

ದುಂಡಕ್ಷರ: ಕೈಯಲ್ಲಿ ಎಳೀಬೇಕು ಅಂದ್ಮೇಲೆ ನಾನು ಹೇಳಿದ್ದೇ ಆಯ್ತಲ್ಲ.

ಸೀಸದಚ್ಚು: ಮೊದಲು ಪೋಸ್ಟಲ್ಲಿ ಕೂಪರ್ ಬ್ಲ್ಯಾಕ್ ತೆಗೆದು ವಿಎಜಿ ಅಂತ ಹಾಕಿ, ಆಮೇಲೆ ಮಾತಾಡಣ.