ಅಪ್‌ಡೇಟ್: ತಮ್ಮನಿಗೆ ಮಲೇರಿಯಾನೇ, ಎರಡನೇ ಟೆಸ್ಟ್‌ನಲ್ಲಿ ಗೊತ್ತಾಯಿತು

ಮಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡುವ ತಮ್ಮನಿಗೆ ಚಳಿಜ್ವರ, ರ‍್ಯಾಪಿಡ್ ಟೆಸ್ಟ್ ನೆಗೆಟಿವ್, ಇನ್ನೊಮ್ಮೆ ಮಾಡಿಸಬೇಕಾ ಎಂದು ಕೇಳಿದ್ದೆ. ಮಾಡಿಸಿ ಎಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಮರುದಿನ ಮತ್ತೆ ನಡುಕ ಬಂದಾಗಲೇ ಕರೆದುಕೊಂಡು ಹೋದೆ. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ, ಅಷ್ಟೇ. 20 ನಿಮಿಷದಲ್ಲಿ ಗೆರೆ ಮೂಡಿತು. ವೈವಾಕ್ಸ್ ಎಂಬ ಬಗೆಯ ಮಲೇರಿಯಾ. ಗಾಜಿನ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪ್‌ನಲ್ಲೂ ನೋಡಿದರು, ಅದೇ ಬಂತು. ರಕ್ತದಲ್ಲಿ ರೋಗಾಣು ತೀರಾ ಕಡಿಮೆ ಇದ್ದರೆ ಕಿಟ್‌ಗೆ ಸಿಗುವುದಿಲ್ಲವಂತೆ. ಮೊದಲ ದಿನ ಹಾಗೇ ಆಗಿರಬೇಕು.

ಕ್ಲೋರೋಕ್ವಿನ್ 3 ದಿನ ಮುಗಿಯಿತು, ಜ್ವರ ಬಿಟ್ಟಿದೆ. ಪ್ರೈಮಾಕ್ವಿನ್ ಮಾತ್ರೆ ಮೈಗೆ ಒಗ್ಗುತ್ತದಾ ಎಂದು ನೋಡುವ ಜಿ6ಪಿಡಿ ರಕ್ತ ಟೆಸ್ಟ್ ಸರಿ ಬಂದಿದ್ದರಿಂದ ಅದನ್ನೂ ಕೊಟ್ಟಿದ್ದಾರೆ, 14 ದಿನ. ಜ್ವರ ಹೋಯಿತಲ್ವಾ, ಇನ್ನು ಮಾತ್ರೆ ಯಾಕೆ ಎನ್ನುತ್ತಾನೆ. ಲಿವರ್‌ನಲ್ಲಿ ಅಡಗಿದ ವೈವಾಕ್ಸ್ ತಿಂಗಳುಗಳಾದ ಮೇಲೂ ಮತ್ತೆ ಏಳುತ್ತದೆ. ಅದಕ್ಕೇ ದಿನಾ ಊಟವಾದ ಮೇಲೆ ನಾನೇ ಎದುರು ನಿಂತು ನುಂಗಿಸುತ್ತಿದ್ದೇನೆ. ಇವತ್ತಿಗೆ 6ನೇ ದಿನ.